ಮಣೂಕ ಒಣಗೂ ಹೊತ್ತಿನಾಗ

(ಸ್ಪೇನಿನ ಮಾಲಗಾ ಪ್ರಾಂತ್ಯದ ಅಲ್ಮಾಚಾರ್ ಎಂಬ ಗುಡ್ಡದ ಹಳ್ಳಿ. ಸೆಪ್ಟೆಂಬರ್ ಮೊದಲ ವಾರದ ಒಂದು ರಾತ್ರಿ. ಈ ಊರಲ್ಲಿ ಸಂಸಾರ ಹೂಡಿರುವ ಅಕ್ಕ, ಅವಳನ್ನು ನೋಡಲು ವಿಜಯಪುರ ಜಿಲ್ಲೆಯ ತಿಕೋಟಾದಿಂದ ಬಂದಿರುವ ದ್ರಾಕ್ಷಿ ಬೆಳೆಗಾರ ತಮ್ಮ.)

ತಮ್ಮ: ಅಲ್ಲಕ್ಕಾ, ಮಧ್ಯಾಹ್ನ ನಾ ಓಣ್ಯಾಗ ಒಂದು ಸುತ್ತು ಹಾಕಿ ಬಂದೆ. ಒಂದು ಬಾಗಲಾ ತಗದಿಲ್ಲ, ಒಂದು ಹುಡುಗ ಹೊರಗಿಲ್ಲ. ಈಗ ರಾತ್ರಿ ಹತ್ತಾಗೇದ, ಊರಿಗೂರೇ ಹೊರಗ ಬಂದು ಕುಂತದ. ಮುದುಕ್ಯಾರು, ಹುಡುಗರು, ತೊಟ್ಲ ಕೂಸು ಸೈತ.

ಅಕ್ಕ: ಬ್ಯಾಸಗ್ಯಾಗ ಇಲ್ಲೆ ದಿನಾ ಸುರು ಆಗೂದು ಎರಡು ಸಲ. ನಸುಕಿನ್ಯಾಗ ಒಂದು ಸಲ, ಹೊತ್ತು ಮುಳುಗಿದ ಮ್ಯಾಲ ಇನ್ನೊಂದು ಸಲ. ನಡುವ ಎರಡರಿಂದ ಆರರ ತನಕ ಯಾರೂ ಹೊರಗ ಬೀಳೂದಿಲ್ಲ. ರಾತ್ರಿ ಕಿಡಕಿ ತಗದು ತಂಪು ಒಳಗ ಬಿಟ್ಕೋಬೇಕು, ಬೆಳಗಾತು ಅಂದ್ರ ಮುಚ್ಚಿ ಪರದಿ ಇಳಿಸಬೇಕು. ಗ್ವಾಡಿ ದಪ್ಪ ಅವ, ವರ್ಷಾ ಸುಣ್ಣಾ ಹೊಡೀತಾರ. ಹಂಗಾಗಿ ಒಳಗ ತಡೀತದ. ತೆರ್ರಾಲ್ ಬೀಸಿದಾಗ ಮಾತ್ರ ಯಾವ ಉಪಾಯನೂ ನಡ್ಯೂದಿಲ್ಲ.

ತಮ್ಮ: ಅದೇನದು?

ಅಕ್ಕ: ಒಣ ಗಾಳಿ. ಒಳನಾಡಿನಿಂದ ಬಂದು ಗುಡ್ಡಾ ಇಳಿದು ಸಮುದ್ರದ ಕಡಿ ಬೀಸತದ. ಮಾಲಗಾ ಪ್ಯಾಟ್ಯಾಗಿನ ಮಂದಿ ಅದಕ್ಕ ಶಾಪಾ ಹಾಕತಾರ. ಈ ಊರಾಗಿನ ಹಿರ್ಯಾರು ಹಾಕೂದಿಲ್ಲ. ಎರಡು ದಿನ ತೆರ್ರಾಲ್ ಬೀಸಿದ್ರ ಗುಡ್ಡದ ಮ್ಯಾಲ ಹರವಿದ ದ್ರಾಕ್ಷಿ ಜಲ್ದಿ ಒಣಗತದಲ್ಲ.

ತಮ್ಮ: ನಾಳೆ ಅದನ್ನ ನೋಡಾಕ ಹೋಗೂಣು ಅಂದಿ. ಅದಕ್ಕ ಮೊದಲ ನನಗ ಒಂದು ಮಾತು ಹೇಳು. ನಿನ್ನೆ ಮಾಮಾ ಕೊಂಪೆತಾ ತೋರಸಾಕ ಕರ್ಕೊಂಡು ಹೋಗಿದ್ರು. ಹೋಟೆಲಿನ ಫಲಕ ಇಂಗ್ಲಿಷಿನ್ಯಾಗ, ಮನಿ ಮಾರೂ ಅಂಗಡಿ ಇಂಗ್ಲಿಷಿನ್ಯಾಗ. ಚೌಕದಾಗ ಕುಂತವರ ಮುಖಾ ನೋಡಿದ್ರ ಅರ್ಧ ಮಂದಿ ಬ್ರಿಟನ್ನು, ಡೆನ್ಮಾರ್ಕಿನವರು ಇದ್ದಂಗ ಕಂಡ್ರು. ಊರು ಚಂದ ಅದ, ಇಲ್ಲ ಅನ್ನೂದಿಲ್ಲ. ಆದ್ರ ಅದು ಯಾರ ಊರು? ರೊಕ್ಕ ಇದ್ದವರು ಬಂದು ಬಿಸಲು ಕೊಂಡ್ಕೊಂಡು ಕುಂತಂಗ ಅನಸ್ತು ನನಗ. ನೀನೂ ಹೊರಗಿನಾಕಿನ. ಸಿಟ್ಟಾಗಬ್ಯಾಡ.

ಅಕ್ಕ: ಸಿಟ್ಯಾಕ? ಈ ಪ್ರಶ್ನೆ ನಾನೂ ಕೇಳಿಕೋತೀನಿ, ಅದೂ ಈ ತಿಂಗಳಾಗೇ ಹೆಚ್ಚು. ಆಗಸ್ಟಿನ್ಯಾಗ ಈ ಪ್ರಶ್ನೆ ಏಳೂದಿಲ್ಲ, ಯಾಕಂದ್ರ ಆವಾಗ ಎಲ್ಲಾರೂ ಇರತಾರ. ಬಾರ್ಸಿಲೋನಾದಿಂದ ಮಕ್ಕಳು ಬಂದಿರತಾರ, ಜರ್ಮನಿಗೆ, ಫ್ರಾನ್ಸಿಗೆ ದುಡಿಯಾಕ ಹೋದವರ ಮೊಮ್ಮಕ್ಕಳು ಬಂದಿರತಾರ. ಆಗಸ್ಟ್ 15 ಇಲ್ಲೂ ದೇಶಕ್ಕೆಲ್ಲ ರಜಾ, ಮೇರಿ ಮಾತೆ ಸ್ವರ್ಗಕ್ಕ ಹೋದ ಹಬ್ಬ. ಅವತ್ತೇ ಕೊಂಪೆತಾದಾಗ ವೈನಿನ ರಾತ್ರಿ. ಚೌಕದಾಗ ದ್ರಾಕ್ಷಿ ತುಳೀತಾರ, ಬಂದವರಿಗೆಲ್ಲ ಊರ ವೈನು ಕುಡಸ್ತಾರ. ನಮ್ಮ ಕಡಿ ಗೋವಾಕ್ಕ, ಪುಣೆಕ್ಕ ಹೋದವರು ಜಾತ್ರಿಗೆ ತಿರುಗಿ ಬರತಾರಲ್ಲ, ಹಂಗ. ತೇರು ಎಳದ ಮರುದಿನ ಬಸ್ ಸ್ಟ್ಯಾಂಡಿನ್ಯಾಗ ಗಂಟು ಹಿಡ್ಕೊಂಡು ನಿಂತಿರತಾರ. ಇಲ್ಲೆ ಅದು ಆಗಸ್ಟ್ ಕಡೀ ಭಾನುವಾರ. ಸೆಪ್ಟೆಂಬರ್ ಒಂದಕ್ಕ ಎದ್ದು ನೋಡಿದ್ರ ಗುಡ್ಡಾ ಹತ್ತಿ ದ್ರಾಕ್ಷಿ ಕೊಯ್ಯೂ ಮುದುಕರಷ್ಟ ಉಳದಿರತಾರ. ಅವರ ಜೋಡಿ ನಾವು, ಹೊರಗಿನವರು.

ತಮ್ಮ: ಅಂದ್ರ ಊರಿನ ಮಕ್ಕಳು ಹೊರಗ, ಹೊರಗಿನವರು ಊರಾಗ.

ಅಕ್ಕ: ಇದು ಇವತ್ತಿನದಲ್ಲೋ. ಇಲ್ಲಿಂದ ಎರಡು ಗುಡ್ಡದಾಚೆ ಮೊಕ್ಲಿನೆಹೊ ಅಂತ ಊರದ. ಹತ್ತೊಂಬತ್ತನೇ ಶತಮಾನದಾಗ ಈ ಅಕ್ಸಾರ್ಕಿಯಾ ಸೀಮಿಯ ಮಣೂಕ ಹಡಗಿನ್ಯಾಗ ಇಂಗ್ಲೆಂಡಿಗೆ, ಅಮೆರಿಕಕ್ಕ ಹೋಗತಿತ್ತು. ಮರದ ಪೆಟ್ಟಿಗಿಗೆ ಅಂಟಸೂ ಬಣ್ಣದ ಚಿತ್ರಾ ಅಚ್ಚು ಹಾಕೂದೇ ಮಾಲಗಾದಾಗ ದೊಡ್ಡ ಉದ್ಯೋಗ ಆಗಿತ್ತು. 1878ರಾಗ ಮೊಕ್ಲಿನೆಹೊದ ಒಂದು ದ್ರಾಕ್ಷಿ ತ್ವಾಟದಾಗ ಬಳ್ಳಿ ಹಳದಿ ತಿರುಗಿ ಒಣಗಾಕ ಹತ್ತಿದ್ವು. ಫಿಲಾಕ್ಸರಾ. ಸ್ಪೇನ್ ದೇಶದಾಗ ಆ ಹುಳಾ ಮೊದಲ ಕಂಡದ್ದೇ ಅಲ್ಲಿ.

ತಮ್ಮ: ಬೇರಿಗೆ ಹತ್ತೂ ಹುಳಾ. ನಾವು ಇವತ್ತಿಗೂ ಕಾಡು ಬೇರಿನ ಮ್ಯಾಲ ಕಸಿ ಕಟ್ಟತೀವಲ್ಲ. ನಮಗೇನೋ ಡಾಗ್‌ರಿಡ್ಜ್ ಬೇರು ಉಪ್ಪು ನೀರು, ನೀರಿನ ಕೊರತಿ ತಡೀತದ ಅಂತ ಬೇಕು, ಆದ್ರ ಆ ಕಸಿ ವಿದ್ಯೆ ಜಗತ್ತಿಗೆ ಹಬ್ಬಿದ್ದೇ ಈ ಹುಳದಿಂದ.

ಅಕ್ಕ: ಆ ವಿದ್ಯೆ ಇಲ್ಲಿಗೆ ಬಂದು ಮುಟ್ಟೂದರಾಗ ಗುಡ್ಡ ಬೋಳಾಗಿದ್ವು. ಎಷ್ಟೋ ಮಂದಿ ಮಾಲಗಾ ಬಂದರಿನಿಂದ ದಕ್ಷಿಣ ಅಮೆರಿಕಕ್ಕ ಹಡಗಾ ಹತ್ತಿದ್ರು. ಮುಂದ 1960ರ ಸುಮಾರಿಗೆ ಉಳದವರ ಮಕ್ಕಳು ಕಾರಖಾನಿ ಹುಡಿಕ್ಕೊಂಡು ಉತ್ತರಕ್ಕ ಹೋದ್ರು. ಆಮ್ಯಾಲ ಬಂದವರು ನೀ ನಿನ್ನೆ ನೋಡಿದ ಬಿಳಿ ಮಂದಿ. ಬಿದ್ದ ಮನಿ ಎಬ್ಬಿಸಿದ್ರು, ಕುಸದ ಮಾಳಗಿ ಕಟ್ಟಿಸಿದ್ರು. ಅವರು ಊರು ಖಾಲಿ ಮಾಡಿಸಲಿಲ್ಲ, ಖಾಲಿ ಆದ ಊರಿಗೆ ಬಂದ್ರು. ಇದನ್ನ ನಾ ಎಲ್ಲಿ ಬೇಕಾದ್ರೂ ಹೇಳತೀನಿ.

ತಮ್ಮ: ಮತ್ತ ಮನಿ ಬೆಲಿ ಏರ್ಯಾವಂತಲ್ಲ? ಮಾಮಾ ಅಂದ್ರು, ಇಲ್ಲಿನ ಹುಡುಗ ಲಗ್ನಾದ್ರ ಮನಿ ಕೊಳ್ಳಾಕ ಆಗೂದಿಲ್ಲ ಅಂತ.

ಅಕ್ಕ: ಅದೂ ಖರೇನ. ಎರಡೂ ಖರೇನ. ಇನ್ನೊಂದು ಕೇಳು. ಊರ ಹೊರಗ ಗುಡ್ಡದ ಮೈಯಾಗ ಒಂಟಿ ಒಂಟಿ ಮನಿ ಕಾಣತಾವಲ್ಲ, ಈಜಾಕ ಹೊಂಡಾ, ಮುಂದ ನಾಕು ತಾಳಿ ಗಿಡ? ಅವು ಭಾಳಷ್ಟು ಹೊಲದ ಜಮೀನಿನ್ಯಾಗ ಕಟ್ಟಿದ್ದು. ಆವಾಗ ಪಂಚಾಯ್ತಿ ಪರವಾನಗಿ ಕೊಡ್ತು, ಇಲ್ಲಾ ಕಣ್ಣ ಮುಚ್ಚಿಕೊಂಡ್ತು. ವಕೀಲರು ಎಲ್ಲಾ ಸರಿ ಅದ ಅಂದ್ರು, ಜೀವಮಾನದ ಗಳಿಕಿ ಹಾಕಿ ಮುದುಕ ಗಂಡ ಹೆಂಡತಿ ಮನಿ ಕೊಂಡ್ರು. ಹತ್ತಿಪ್ಪತ್ತು ವರ್ಷ ಆದ ಮ್ಯಾಲ ಗೊತ್ತಾತು, ಆ ಮನಿ ಕಾಗದದ ಮ್ಯಾಲ ಇಲ್ಲೇ ಇಲ್ಲ. ಕರೆಂಟ್ ಜೋಡಣಿ ಇಲ್ಲ, ಮಾರಾಕ ಬರೂದಿಲ್ಲ. 2019ರಾಗ ಆಂದಲುಸಿಯಾ ಸರ್ಕಾರ ಒಂದು ಕಾಯ್ದೆ ತಂದು ಅಂಥಾ ಮನಿಗಳಿಗೆ ಒಂದು ದಾರಿ ಮಾಡ್ತು.

ತಮ್ಮ: ನಮ್ಮ ಅಕ್ರಮ-ಸಕ್ರಮನ ಇದು.

ಅಕ್ಕ: ಪೂರಾ ಸಕ್ರಮ ಅಲ್ಲ. ಕೆಡವೂದಿಲ್ಲ, ನೀರು ಬೆಳಕು ಕೊಡತೀವಿ, ಇನ್ನ ಬೆಳಸಬ್ಯಾಡ್ರಿ ಅಂತ. ನನಗ ಅವರ ಮ್ಯಾಲ ಮರುಕ ಅದ. ಆದ್ರ ಸಿಟ್ಟೂ ಅದ, ಅದು ಬ್ಯಾರೆ ಕಾರಣಕ್ಕ. ಪಾದ್ರೋನ್ ಅಂತ ಊರಿನ ಹೆಸರಿನ ಪುಸ್ತಕಾ ಇರತದ. ಊರಾಗ ಇದ್ದವರೆಲ್ಲ ಪಂಚಾಯ್ತಿಗೆ ಹೋಗಿ ಹೆಸರು ಬರಸಬೇಕು. ಮಾಡ್ರಿಡಿನಿಂದ ಊರಿಗೆ ಬರೂ ರೊಕ್ಕ ಆ ಪುಸ್ತಕದಾಗಿನ ತಲಿ ಎಣಿಸಿ ಬರತದ. ವರ್ಷಾನಗಟ್ಟಲೆ ಇದ್ದೂ ಹೆಸರು ಬರಸದವರು ಇದ್ದಾರ. ಅವರ ಮನಿ ಕಸಾ ಊರು ಎತ್ತತದ, ಅವರಿಗೆ ಬ್ಯಾನಿ ಬಂದ್ರ ಊರ ದವಾಖಾನಿಗೆ ಬರತಾರ, ಪುಸ್ತಕದಾಗ ಮಾತ್ರ ಅವರಿಲ್ಲ. ಬಿಸಲು ತಗೊಂಡ್ರ ಸಾಕಾ? ಊರು ಬಡವಾದ್ರ ಅದರಾಗ ತಮ್ಮ ಪಾಲೂ ಅದ ಅಂತ ತಿಳೀಬ್ಯಾಡ?

ತಮ್ಮ: ನೀ ಬರಸೀಯಲ್ಲ?

ಅಕ್ಕ: ಬಂದ ವಾರದಾಗೇ. ನನ್ನ ಹೆಸರು ಬರಕೊಳ್ಳೂ ಹೆಣಮಗಳು ಪಾಸಪೋರ್ಟ್ ನೋಡಿ ತಲಿ ಎತ್ತಿ, ‘ಇಂಡಿಯಾ! ಅನಂತಪುರ!’ ಅಂದ್ಲು.

ತಮ್ಮ: ಅನಂತಪುರಾ? ಬಳ್ಳಾರಿ ಆಚೆಗಿಂದು? ಅದ್ಹೆಂಗ ಗೊತ್ತು ಆಕಿಗೆ?

ಅಕ್ಕ: ವಿಸೆಂಟ್ ಫೆರರ್. ಬಾರ್ಸಿಲೋನಾದಾಂವ. ಜೆಸುಯಿಟ್ ಆಗಿ 1952ರಾಗ ನಮ್ಮ ದೇಶಕ್ಕ ಬಂದ, ಮಹಾರಾಷ್ಟ್ರದ ಮನಮಾಡಿನ್ಯಾಗ ರೈತರ ಜೋಡಿ ಬಾವಿ ತೋಡಿಸಿದ. ಅಲ್ಲಿಂದ ಹೊರಗ ಹಾಕಿದ್ರು. ತಿರುಗಿ ಬಂದು 1969ರಾಗ ಅನಂತಪುರ ಸೇರಿದ, ಮುಂದ ಪಾದ್ರಿತನಾ ಬಿಟ್ಟು ಲಗ್ನಾ ಮಾಡ್ಕೊಂಡ, 2009ರಾಗ ಅಲ್ಲೇ ಮಣ್ಣಾದ. ಅಂವ ಕಟ್ಟಿದ ಸಂಸ್ಥೆಗೆ ಸ್ಪೇನಿನ ಸಾಮಾನ್ಯ ಮಂದಿ ತಿಂಗಳಾ ಇಷ್ಟು ಅಂತ ಕೊಟ್ಟು ಒಂದೊಂದು ಕೂಸಿನ ಸಾಲಿ ಖರ್ಚು ನೋಡ್ಕೋತಾರ. ಎದುರಮನಿ ಅಜ್ಜಿ ಫ್ರಿಜ್ಜಿನ ಮ್ಯಾಲ ಎರಡು ಜಡಿ ಹಾಕಿದ ಹುಡುಗಿ ಫೋಟೋ ನೋಡಿದ್ಯಲ್ಲ? ಆಕಿ ಅಲ್ಲಿನಾಕಿ. ಈ ಅಜ್ಜಿ ಮಾಲಗಾ ದಾಟಿ ಹೋಗಿಲ್ಲ, ಆದ್ರ ಅನಂತಪುರದಾಗ ಮಳಿ ಆತೇನು ಅಂತ ನನಗ ಕೇಳತಾಳ. ಹೊರಗಿನಾಂವ ಒಬ್ಬ ಒಂದು ಸೀಮಿಗೆ ಹೋಗಿ ಏನು ಮಾಡಬಹುದು ಅಂತ ನಾ ಪುಸ್ತಕಾ ಓದಿ ತಿಳೀಬೇಕಾಗಿಲ್ಲ, ಓಣಿ ದಾಟಿದ್ರ ಸಾಕು.

ತಮ್ಮ: ಆ ಅಜ್ಜಿ ನನಗ ಸಂಜಿಮುಂದ ನೀರು ಕೊಟ್ಲು. ಬಿಳಿ ಮಣ್ಣಿನ ಗಡಿಗಿ, ಮ್ಯಾಲ ಹಿಡಿಕಿ, ಒಂದ ಕಡಿ ದೊಡ್ಡ ಬಾಯಿ, ಇನ್ನೊಂದ ಕಡಿ ಸಣ್ಣ ತೂತಿನ ಮೂತಿ. ನಾ ರೂಢಿ ಪ್ರಕಾರ ಎತ್ತಿ ತುಟಿಗೆ ಹಚ್ಚದ ಗಟಗಟ ಕುಡದೆ. ಆಕಿ ಚಪ್ಪಾಳಿ ತಟ್ಟಿ ಏನೇನೋ ಅಂದ್ಲು.

ಅಕ್ಕ: ಇಲ್ಲಿಯವರೂ ಅದನ್ನ ಹಂಗೇ ಎತ್ತಿ ಕುಡಿಯೂದು. ಬ್ಯಾರೆ ದೇಶದಿಂದ ಬಂದವರು ಮೈಮ್ಯಾಲ ಚೆಲ್ಲಿಕೋತಾರ. ನಿನ್ನ ಕೊಳ್ಳಾಗ ಒಂದು ಹನಿ ಬೀಳಲಿಲ್ಲ ಅಂತ ಅಜ್ಜಿ ಓಣಿಗೆಲ್ಲ ಹೇಳ್ಯಾಳ. ಬೊತಿಹೊ ಅಂತಾರ ಆ ಗಡಿಗಿಗೆ. ಮಣ್ಣಿನಿಂದ ನೀರು ಜಿನುಗಿ ಆರತದ, ಆರೂವಾಗ ಒಳಗಿನ ಕಾವು ತಗೊಂಡು ಹೋಗತದ. ಫ್ರಿಜ್ಜಿದ್ರೂ ಹೊಲಕ್ಕ ಹೋಗೂವಾಗ ಇದೇ ಬೇಕು ಅವರಿಗೆ.

ತಮ್ಮ: ಈಗ ಆ ಹೊಲದ ಮಾತು ಹೇಳು. ಮಣೂಕ ಹೆಂಗ ಮಾಡತಾರ? ಶೆಡ್ ಒಂದೂ ಕಾಣಲಿಲ್ಲ ನನಗ.

ಅಕ್ಕ: ಶೆಡ್ಡೇ ಇಲ್ಲ. ಗುಡ್ಡದ ತೆಂಕಣ ಮೈಯಾಗ ಇಳಿಜಾರಾಗಿ ಉದ್ದುದ್ದ ಮಡಿ ಕಟ್ಟಿರತಾರ, ಒಂದರ ಪಕ್ಕ ಒಂದು. ಮ್ಯಾಲಿನ ತುದಿಗೆ ಸುಣ್ಣಾ ಬಳದ ಮೂರು ಮೂಲಿ ಗ್ವಾಡಿ. ದೂರಿಂದ ನೋಡಿದ್ರ ಗುಡ್ಡದ ಮ್ಯಾಲ ಸಾಲಾಗಿ ಬಿಳಿ ಗದ್ದಗಿ ಕಂಡಂಗ ಕಾಣತದ. ಮುಂಜಾನೆಯಿಂದ ಸಂಜಿ ತನಕ ಬಿಸಲು ನೇರ ಬೀಳೂ ಹಂಗ ಆ ಮಡಿ ಇರತಾವ. ಕೊಯ್ದ ಗೊನಿ ಅದರ ಮ್ಯಾಲ ಒಂದೊಂದಾಗಿ ಕೈಲೆ ಹಾಸತಾರ, ಒಂದರ ಮ್ಯಾಲ ಒಂದು ಬರಬಾರದು. ಅರ್ಧ ಒಣಗಿದ ಮ್ಯಾಲ ಮತ್ತ ಒಂದೊಂದಾಗಿ ಮಗ್ಗಲಾ ಹೊಳ್ಳಸಬೇಕು. ಬಗ್ಗಿದ ಬೆನ್ನು ಎತ್ತಾಕ ಬರೂದಿಲ್ಲ. ಕತ್ತಲಾತು ಅಂದ್ರ ಆ ಮೂರು ಮೂಲಿ ಗ್ವಾಡಿ ಮ್ಯಾಲಿಂದ ತಾಡಪತ್ರಿ ಎಳದು ಮುಚ್ಚತಾರ, ಇಬ್ಬನಿ ಬೀಳಬಾರದಲ್ಲ. ಮುಂಜಾನೆ ತಗೀತಾರ. ಎರಡು ಮೂರು ವಾರ ದಿನಾ ಇದ.

ತಮ್ಮ: ಡಿಪ್ಪಿಂಗ್ ಆಯಿಲ್?

ಅಕ್ಕ: ಇಲ್ಲ.

ತಮ್ಮ: ಕಾರ್ಬೊನೇಟು?

ಅಕ್ಕ: ಇಲ್ಲ. ಗಂಧಕದ ಹೊಗಿನೂ ಇಲ್ಲ. ಬಿಸಲು, ಮತ್ತ ಕೈ.

ತಮ್ಮ: ನಾವು ಪೊಟ್ಯಾಸಿಯಂ ಕಾರ್ಬೊನೇಟು, ಡಿಪ್ಪಿಂಗ್ ಆಯಿಲ್ ಕಲಸಿದ ನೀರಾಗ ಗೊನಿ ಅದ್ದದಿದ್ರ ಸಿಪ್ಪಿ ಮ್ಯಾಲಿನ ಮೇಣಾ ಬಿಡೂದಿಲ್ಲ, ಒಳಗಿನ ನೀರು ಹೊರಗ ಬರೂದಿಲ್ಲ. ಅದ್ದಿ ಶೆಡ್ಡಿನ ಜಾಳಿಗಿ ಮ್ಯಾಲ ಹರವಿದ್ರ ಹದಿನೈದು ದಿನದಾಗ ಕೆಲಸ ಮುಗೀತದ. ಮ್ಯಾಲ ನೆರಳಿದ್ರ ಬಣ್ಣಾ ಹಸರು ಉಳೀತದ, ಸಾಂಗ್ಲಿ, ತಾಸಗಾಂವ ಪ್ಯಾಟ್ಯಾಗ ಹಸರಿಗೇ ರೇಟು. ಇವರದು ಕರೀದು ಬರತದಲ್ಲ?

ಅಕ್ಕ: ಕರೀ ನೇರಳಿ ಬಣ್ಣ. ತಿಂದು ನೋಡು. ಮೊಸ್ಕಾತೆಲ್ ತಳಿ ಅದು, ನಿಮ್ಮ ಥಾಮ್ಸನ್ನಿನಂಗ ಬೀಜಾ ಇಲ್ಲದ್ದಲ್ಲ. ಹಣ್ಣು ದೊಡ್ಡದು, ಒಳಗ ಬೀಜ ಅದ.

ತಮ್ಮ: ...ಹೂವಿನ ವಾಸನಿ ಬರತದಲ್ಲಕ್ಕಾ ಇದಕ್ಕ. ಸಿಪ್ಪಿ ತೆಳು, ಒಳಗ ಇನ್ನೂ ಜೇನಿನ ಹದ ಅದ. ನಮ್ಮದು ಸಿಹಿ ಖರೆ, ಇಂಥಾ ಘಮಾ ಇಲ್ಲ. ಬೀಜಾ ಹಲ್ಲಿಗೆ ಸಿಗತದ, ಸಿಕ್ಕರೂ ನಡೀತದ. ಒಂದು ಕಿಲೋ ಆಗಾಕ ನಾಕು ಕಿಲೋ ಹಣ್ಣು ಬೇಕೇನು ಇವರಿಗೂ?

ಅಕ್ಕ: ನಾಕೇ. ಆ ನಾಕು ಕಿಲೋನೂ ಕಡಿದಾದ ಗುಡ್ಡದಿಂದ ಪೆಟ್ಟಿಗ್ಯಾಗ ಹೊತ್ತು ತರಬೇಕು. ಟ್ರ್ಯಾಕ್ಟರ್ ಹತ್ತೂದಿಲ್ಲ. ಹೇಸರಗತ್ತಿ ಇನ್ನೂ ಇಟ್ಟಾರ ಕೆಲವರು, ಅದಿಲ್ಲದ ಕಡಿ ಮನಷಾನ ಬೆನ್ನ. ಒಣಗಿದ ಮ್ಯಾಲ ಗೊನಿ ಮನಿಗೆ ತಂದು ಕತ್ತರಿಲೆ ಒಂದೊಂದು ಕಾಳು ತೊಟ್ಟಿನಿಂದ ಬಿಡಸತಾರ. ಇಡೀ ಚಳಿಗಾಲ ಆ ಕತ್ತರಿ ಸಪ್ಪಳ. 2017ರಾಗ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಈ ಪದ್ಧತಿನ ಜಗತ್ತಿನ ಕೃಷಿ ಪರಂಪರೆಯ ಯಾದ್ಯಾಗ ಸೇರಸ್ತು. ಊರಾಗ ಮಣೂಕದ ಮ್ಯೂಸಿಯಮ್ಮೇ ಅದ. ಮಾನ ಬಂತು, ಬಂದದ್ದು ಛಲೋನ ಆತು. ಆದ್ರ ತುರ್ಕಿ ಮಣೂಕ ಅಂಗಡ್ಯಾಗ ಸೋವಿ ಸಿಗತದ. ಮಾನಪತ್ರಾ ನೋಡಿ ಮಗ ಬಾರ್ಸಿಲೋನಾದಿಂದ ತಿರುಗಿ ಬರತಾನೇನು, ಬೆನ್ನು ಬಗ್ಗಸಾಕ?

ತಮ್ಮ: ನಮ್ಮಲ್ಲೂ ಇದ ಹಾಡು. ಅಕ್ಟೋಬರಿನ್ಯಾಗ ಬಳ್ಳಿ ಕತ್ತರಸೂ ಚಾಟ್ನಿಗೆ ಆಳು ಸಿಗೂದಿಲ್ಲ. ಈಗ ಚಾಟ್ನಿಗೆ ಇನ್ನೂ ತಿಂಗಳಿತ್ತು ಅಂತ ನಾ ಬರಾಕ ಆತು. ಇರಲಿ, ಇಲ್ಲೆ ನೀರು? ಹನಿ ನೀರಾವರಿ ಪೈಪು ಎಲ್ಲೂ ಕಾಣಲಿಲ್ಲ.

ಅಕ್ಕ: ದ್ರಾಕ್ಷಿಗೆ ನೀರು ಯಾರೂ ಹಾಕೂದಿಲ್ಲ, ಮಳೀದೇ. ನೀರು ಕುಡಿಯೂದು ಕೆಳಗಿನ ತಪ್ಪಲಿನ ಆವಕಾಡೋ, ಮಾವು.

ತಮ್ಮ: ಮಾವಾ!

ಅಕ್ಕ: ಹೂಂ. ಓಸ್ಟೀನ್ ಅಂತ ತಳಿ, ಸೆಪ್ಟೆಂಬರಿನ್ಯಾಗ ಕೊಯ್ಲಿಗೆ ಬರತದ. ನಮ್ಮ ಆಪೂಸು ಮುಗದು ಮೂರು ತಿಂಗಳ ಮ್ಯಾಲ ಇಲ್ಲೆ ಮಾವಿನ ಕಾಲ. ರಸಾ ಮಾಡಿ ಹೋಳಗಿ ಜೋಡಿ ಉಂಡೀವಿ ನಾವು. ಆದ್ರ ಆ ಗಿಡಗಳ ಸಲುವಾಗಿ ಈ ಸೀಮಿ ಎಂಥಾ ದಿನಾ ಕಂಡದ ಅಂತೀ. ವಿನ್ಯುವೆಲಾ ಆಣೆಕಟ್ಟಿ ನೀರೇ ಎಲ್ಲಾದಕ್ಕೂ. 2024ರ ಸುರುವಿಗೆ ಅದರಾಗ ಹತ್ತರಾಗ ಒಂದು ಪಾಲೂ ನೀರಿರಲಿಲ್ಲ. ಊರುಗಳಿಗೆ ನಳಾ ಬಂದ್ ಮಾಡಿದ್ರು, ರೈತರು ಆವಕಾಡೋ ಗಿಡ ಕಡಿದು ಹಾಕಿದ್ರು. ಈಜೂ ಹೊಂಡದವರು ಹೊಲದವರನ್ನ ಬೈದ್ರು, ಹೊಲದವರು ಹೊಂಡದವರನ್ನ. 2025ರ ಮಾರ್ಚ್ ತಿಂಗಳ ಮಳಿ ಬಂದು ಜೀವ ಉಳಸ್ತು. ಆ ಎರಡು ವರ್ಷ ನಾ ಕಂಡದ್ದು ಹೇಳತೀನಿ: ಒಣ ಗುಡ್ಡದ ಮ್ಯಾಲಿನ ಮೊಸ್ಕಾತೆಲ್ ಬಳ್ಳಿ ಗೇಣುದ್ದ ಆದ್ರೂ ಚಿಗತದ್ದು ಚಿಗತ್ವು. ನೀರು ಇಲ್ಲದ ಬದುಕೂದನ್ನ ಯಾರೋ ಹಿರ್ಯಾರು ನೂರಾರು ವರ್ಷ ತಿದ್ದಿ ತೀಡಿ ಇಟ್ಟ ಬೆಳಿ ಅದು. ಅದನ್ನ ಬಿಟ್ಟು ನೀರು ಕುಡಿಯೂ ಗಿಡದ ಬೆನ್ನ ಹತ್ತಿದ್ದು ದುಡುಕು ಅಂತ ನನ್ನ ಮಾತು. ನಿಮ್ಮ ಮಾಮಾ ಒಪ್ಪೂದಿಲ್ಲ, ರೈತಗ ರೊಕ್ಕ ಬರೂದು ಆವಕಾಡೋದಿಂದ ಅಂತಾರ.

ತಮ್ಮ: ಮಾಮಾ ಹೇಳೂದರಾಗ ತಥ್ಯ ಅದ. ನಾವೂ ಜ್ವಾಳಾ ಬಿಟ್ಟೇ ದ್ರಾಕ್ಷಿಗೆ ಬಂದವರಲ್ಲೇನು, ನೂರಾರು ಫೂಟು ಬೋರು ಹೊಡೆಸಿ? ರೈತಗ ಬುದ್ಧಿ ಹೇಳೂ ಮೊದಲ ಅವನ ಸಾಲದ ಚೀಟಿ ನೋಡಬೇಕು.

ಅಕ್ಕ: ...ಹೌದು. ಅದನ್ನ ನೀ ಹೇಳಿದ್ರ ತಲಿಗೆ ಹೋಗತದ.

ತಮ್ಮ: ಮಳಿ ಯಾವಾಗ ಇಲ್ಲೆ? ಈಗ ನಮ್ಮಲ್ಲಿ ಹುಬ್ಬಿ ಮಳಿ ನಡದದ.

ಅಕ್ಕ: ಇವರಿಗೂ ಲೆಕ್ಕ ಅದ. ಆಗಸ್ಟಿನ ಮೊದಲ ಹನ್ನೆರಡು ದಿನ ಮುದುಕರು ಮುಗಲು ನೋಡತಾರ, ಗಾಳಿ ಯಾವ ಕಡಿಂದ, ಮೋಡ ಹೆಂಗ, ಇಬ್ಬನಿ ಬಿತ್ತಾ ಇಲ್ಲಾ. ಒಂದೊಂದು ದಿನ ಬರೂ ವರ್ಷದ ಒಂದೊಂದು ತಿಂಗಳಿಗೆ ಗುರುತು. ಎದುರಮನಿ ಅಜ್ಜ ಕ್ಯಾಲೆಂಡರಿನ್ಯಾಗ ಪೆನ್ಸಿಲ್ಲಿಲೆ ಗುರುತು ಹಾಕ್ಕೊಂಡಾನ. ಸೆಪ್ಟೆಂಬರಿನ್ಯಾಗ ಒಂದು ಅಡ್ಡಮಳಿ ಬಂದ್ರ ಹರವಿದ ದ್ರಾಕ್ಷಿಗೆ ಬೂಸರು. ಅದಕ್ಕ ಈ ವಾರ ಅಜ್ಜ ರಾತ್ರಿ ಎದ್ದೆದ್ದು ಹೊರಗ ಬಂದು ನೋಡತಾನ. ಮಗ ಫೋನಿನ್ಯಾಗ ರೇಡಾರ್ ನಕಾಶೆ ಕಳಸತಾನ, ಅಜ್ಜ ಎರಡನ್ನೂ ನೋಡತಾನ.

ತಮ್ಮ: ಇಷ್ಟೆಲ್ಲಾ ಕಳವಳಾ ಇದ್ರೂ ಮಂದಿ ನಕ್ಕೋತ ಕುಂತಾರಲ್ಲ ಹೊರಗ.

ಅಕ್ಕ: ಕುರ್ಚಿ ಹಾಕ್ಕೊಂಡು ಹೊರಗ ಕುಂದ್ರೂದು ಇವರಿಗೆ ಹೊತ್ತು ಕಳಿಯೂ ದಾರಿ ಅಷ್ಟ ಅಲ್ಲ. ಯಾರ ಮನಿ ದೀಪ ಹತ್ತಿಲ್ಲ, ಯಾವ ಮುದುಕಿ ಇವತ್ತ ಹೊರಗ ಬರಲಿಲ್ಲ ಅನ್ನೂದು ಇಲ್ಲೆ ಗೊತ್ತಾಗತದ. ಕಾದಿಸ್ ಪ್ರಾಂತ್ಯದಾಗ ಅಲ್ಗಾರ್ ಅಂತ ಊರದ. ಟಿವಿ, ಫೋನು ಬಂದು ಈ ಪದ್ಧತಿ ಅಳಿಯಾಕತ್ತದ, ಇದನ್ನ ಯುನೆಸ್ಕೋ ಪರಂಪರೆ ಅಂತ ಮಾನ್ಯ ಮಾಡಬೇಕು ಅಂತ 2021ರಾಗ ಆ ಊರಿನ ಮೇಯರ್ ಎದ್ದು ನಿಂತ. ನಮ್ಮ ತಿಕೋಟಾದಾಗ ಅಗಸಿ ಕಟ್ಟಿ ಮ್ಯಾಲ ಈಗ ಎಷ್ಟು ಮಂದಿ ಕುಂದ್ರತಾರ?

ತಮ್ಮ: ಗಂಡಸರು ಕುಂದ್ರತಾರ. ಹೆಣಮಕ್ಕಳು ಮನಿ ಕಟ್ಟಿಗೆ ಬರೂದು ಕಡಿಮಿ ಆಗೇದ. ಅವ್ವ ಇದ್ದಾಗ ನಮ್ಮ ಕಟ್ಟಿ ತುಂಬಿರತಿತ್ತು.

ಅಕ್ಕ: ನನಗ ಈ ಊರಾಗ ಮೊದಲನೇ ಬ್ಯಾಸಗಿ ಒಂದು ಕುರ್ಚಿ ಕೊಟ್ಟದ್ದು ಆ ಅಜ್ಜಿನ. ಭಾಷಾ ಬರತಿರಲಿಲ್ಲ. ಬಾದಾಮಿ ನೆನಸಿದ ಬೋಗುಣಿ ನನ್ನ ಮಡಲಾಗ ಇಟ್ಟಳು, ಸಿಪ್ಪಿ ಸುಲಿ ಅಂತ ಸನ್ನಿ ಮಾಡಿದ್ಲು. ಸುಲದು ಕೊಟ್ಟೆ. ಬೆಳ್ಳುಳ್ಳಿ, ಹಳೇ ಬ್ರೆಡ್ಡು, ಉಪ್ಪು ಹಾಕಿ ರುಬ್ಬಿ, ಆಲಿವ್ ಎಣ್ಣಿ, ಸಿರ್ಕಾ, ತಣ್ಣೀರು ಕಲಸಿದ್ಲು. ಬಿಳಿ ಸಾರು, ಅದರಾಗ ನಾಕು ಹಸಿ ದ್ರಾಕ್ಷಿ. ಅಹೊಬ್ಲಾಂಕೊ. ಈ ಶನಿವಾರ ಊರಿಗೆಲ್ಲ ಅದರ ಹಬ್ಬ, ಚೌಕದಾಗ ಬಂದವರಿಗೆಲ್ಲ ಬಡಸ್ತಾರ. ನಾ ಶುಕ್ರವಾರ ರಾತ್ರಿ ಅಜ್ಜಿ ಜೋಡಿ ಬಾದಾಮಿ ಸುಲಿಯಾಕ ಹೋಗತೀನಿ, ನೀನೂ ಬಾ.

ತಮ್ಮ: ಬರತೀನಿ. ಅಕ್ಕಾ, ಇನ್ನೊಂದು ಕೇಳತೀನಿ. ಒಳಗ ಮೇಜಿನ ಮ್ಯಾಲ ಕಾಗದ ನೋಡಿದೆ. ನಾಗರಿಕತ್ವದ ಅರ್ಜಿ ಅಲ್ಲ ಅದು?

ಅಕ್ಕ: ಹೌದು. ಲ್ಯಾಟಿನ್ ಅಮೆರಿಕದವರಿಗೆ, ಫಿಲಿಪೀನ್ಸಿನವರಿಗೆ ಎರಡು ವರ್ಷ ಇದ್ರ ಸಾಕು, ನಮಗ ಹತ್ತು ವರ್ಷ. ಅದು ತುಂಬೇದ. ಭಾಷಾ ಪರೀಕ್ಷಿ, ಸಂವಿಧಾನದ ಪರೀಕ್ಷಿ ಎರಡೂ ಮುಗಸೀನಿ. ಪಕ್ಕದ ಮನಿ ಇಂಗ್ಲಿಷ್ ಮುದುಕ ಪಂಚಾಯ್ತಿ ಚುನಾವಣಿಗೆ ಓಟ್ ಹಾಕತಾನ, ಅವರ ದೇಶದ ಜೋಡಿ ಒಪ್ಪಂದ ಅದ. ಯುರೋಪ್ ಒಕ್ಕೂಟದವರು ಹಾಕತಾರ. ನನಗ ಇಲ್ಲ. ಮುಂದಿನ ಚುನಾವಣಿ 2027ರ ಮೇ ತಿಂಗಳಾಗ. ನೀರಿನ ಮಾತು, ಗುಡ್ಡದ ದಾರಿ ಮಾತು, ದವಾಖಾನಿಗೆ ಡಾಕ್ಟರ್ ಬರೂ ಮಾತು, ಎಲ್ಲಾದಕ್ಕೂ ನಾ ಸಭಾಕ್ಕ ಹೋಗತೀನಿ, ಕೈ ಎತ್ತಾಕ ಬರೂದಿಲ್ಲ.

ತಮ್ಮ: ಹಂಗಾದ್ರ ಹಾಕಿಬಿಡು ಅರ್ಜಿ. ಯಾಕ ಹಿಂಜರೀತೀ?

ಅಕ್ಕ: ನಮ್ಮ ದೇಶ ಎರಡು ಪಾಸಪೋರ್ಟ್ ಒಪ್ಪೂದಿಲ್ಲಲ್ಲೋ. ಇದು ಬಂದ ದಿನ ಅದು ಹೋಗತದ. ಸಾಗರೋತ್ತರ ಕಾರ್ಡ್ ಕೊಡತಾರ, ಬಂದು ಹೋಗಾಕ ತ್ರಾಸಿಲ್ಲ, ಆದ್ರ ಹೊಲಾ ಕೊಳ್ಳಾಕ ಬರೂದಿಲ್ಲ. ಅಪ್ಪನ ಹೊಲದಾಗ...

ತಮ್ಮ: ಕೊಳ್ಳಾಕ ಬರೂದಿಲ್ಲ. ಹಿರ್ಯಾ ಆಸ್ತಿ ಇಟ್ಕೊಳ್ಳಾಕ ಬರತದ. ನಾ ವಕೀಲರಿಗೆ ಕೇಳೇ ಬಂದೀನಿ. ಉತಾರದಾಗ ನಿನ್ನ ಹೆಸರು ಅದ, ಇರತದ. ನನ್ನ ಕಡಿಂದ ಅದರ ಚಿಂತಿ ಬಿಡು.

ಅಕ್ಕ: ಕೇಳಿ ಬಂದ್ಯಾ?

ತಮ್ಮ: ನೀ ಫೋನಿನ್ಯಾಗ ಹತ್ತು ವರ್ಷ ತುಂಬತಾವ ಅಂದಾಗೇ ತಿಳೀತು. ಓಟು ಇಲ್ಲದ ಊರಾಗ ನೀ ಕುಂದ್ರೂ ಪೈಕಿ ಅಲ್ಲ.

ಅಕ್ಕ: ಹಂಗಾದ್ರ ಇನ್ನೊಂದು ಹೇಳತೀನಿ, ಇದನ್ನ ನಿಮ್ಮ ಮಾಮಾಗ ಬಿಟ್ರ ಯಾರಿಗೂ ಹೇಳಿಲ್ಲ. ಎದುರಮನಿ ಅಜ್ಜಗ ಮೊಣಕಾಲು ಸೋತಾವ. ಈ ಸುಗ್ಗಿ ಕಡೀದು ಅಂತಾನ. ಮಗ ಬರೂದಿಲ್ಲ ಅಂತ ತಿಳಿಸ್ಯಾನ. ಎರಡು ಎಕರೆಕ್ಕಿಂತ ಕಡಿಮಿ ಪಡ, ಆರು ಒಣಗಸೂ ಮಡಿ. ‘ಲಾವಣಿ ಹಾಕ್ಕೋ, ನೀ ಬಿಟ್ರ ಅದು ಮುಳ್ಳುಕಂಟಿ ಆಗತದ’ ಅಂತ ನನಗ ಕೇಳ್ಯಾನ. ಮನ್ನೆ ಬೇಕಾದ್ರ ಹೇಸರಗತ್ತಿನೂ ತಗೋ ಅಂದ.

ತಮ್ಮ: ಅದಕ್ಕೇ ನನ್ನ ನಾಳೆ ಗುಡ್ಡಾ ಹತ್ತಸಾಕತ್ತೀ!

ಅಕ್ಕ: ಅದಕ್ಕೇ. ನನ್ನ ಅರ್ಧ ದಿನದ ಲ್ಯಾಪ್‌ಟಾಪ್ ಕೆಲಸ ನಡೀತದ, ಮುಂಜಾನೆ ಹೊಲಕ್ಕ ಹೋಗಬಹುದು. ರೊಕ್ಕ ಉಳಿಯೂದಿಲ್ಲ ಅದರಾಗ, ಗೊತ್ತದ. ಆದ್ರ ನಮ್ಮಂಥವರು ಮನಿ ಸುಣ್ಣಾ ಬಳಕೊಂಡು ಫೋಟೋ ತಗೊಂಡು ಕುಂತು ಬಳ್ಳಿ ಒಣಗಿಸಿದ್ರ, ನೀ ನಿನ್ನೆ ಕೊಂಪೆತಾದಾಗ ಅಂದದ್ದು ಖರೇನ ಆಗತದ. ನಾ ಅಪ್ಪನ ಪಡದಾಗ ಬೆಳದಾಕಿ. ನನಗ ಬಳ್ಳಿ ನೋಡಿ ಸುಮ್ಮನ ಹೋಗಾಕ ಆಗೂದಿಲ್ಲ. ನೀ ನೋಡಿ ಹೇಳು, ಆ ಬಳ್ಳ್ಯಾಗ ಜೀವ ಅದನೋ ಇಲ್ಲೋ.

ತಮ್ಮ: ಎಷ್ಟು ವರ್ಷದ್ದು ಬಳ್ಳಿ?

ಅಕ್ಕ: ಅಜ್ಜನ ಅಪ್ಪ ಹಚ್ಚಿದ್ದು ಕೆಲವು. ಚಪ್ಪರಾ ಇಲ್ಲ, ತಂತಿ ಇಲ್ಲ, ನೆಲಕ್ಕ ಹತ್ತಿ ಮೊಣಕಾಲುದ್ದ.

ತಮ್ಮ: ಬೊಡ್ಡಿ ಟೊಳ್ಳಾದ್ರೂ ತೋಳು ಹಸರಿದ್ರ ಕಾಯಿ ಕೊಡತಾವ. ಸತ್ತದ್ದರ ಜಾಗಾಕ್ಕ ಪಕ್ಕದ ಬಳ್ಳಿ ಕಡ್ಡಿ ಬಗ್ಗಿಸಿ ಮಣ್ಣಾಗ ಹುಗೀಬ್ಯಾಡ, ಸ್ವಂತ ಬೇರು ಬಿಟ್ರ ಆ ಹುಳಾ ಮತ್ತ ಹತ್ತತದ. ಕಸಿ ಸಸಿನೇ ತರಬೇಕು. ನಾಳೆ ಪ್ರತಿ ಬಳ್ಳಿ ಕೆರದು ನೋಡತೀನಿ, ಬ್ಯಾಡಾದದ್ದಕ್ಕ ಸುಣ್ಣದ ಗುರುತು ಹಾಕೂಣು. ಚಾಟ್ನಿ ಯಾವಾಗ ಇಲ್ಲೆ?

ಅಕ್ಕ: ಎಲಿ ಉದುರಿದ ಮ್ಯಾಲ. ಜನವರಿ ಸುಮಾರು.

ತಮ್ಮ: ಜನವರ್ಯಾಗ ನನ್ನ ಗೊನಿಗೆ ನೀರು ತುಂಬೂ ಹೊತ್ತು, ನಾ ಬರೂದು ಆಗೂದಿಲ್ಲ. ಅಜ್ಜಗ ಹೇಳು, ಈ ಸಲದ ಚಾಟ್ನಿ ಅವನೇ ನಿಂತು ಮಾಡಸಲಿ, ಕುರ್ಚಿ ಹಾಕ್ಕೊಂಡು ಕುಂತರೂ ಅಡ್ಡಿಯಿಲ್ಲ. ಪ್ರತಿ ತೋಳಿಗೆ ಎಷ್ಟು ಕಣ್ಣು ಬಿಡತಾನ ಅನ್ನೂದನ್ನ ನೀ ಬರಕೋ, ವಿಡಿಯೋ ಮಾಡಿ ಕಳಸು. ಮತ್ತ ಲಾವಣಿ ಕಾಗದ ಬರಸೂ ಮೊದಲ ದಾರಿ ಹಕ್ಕು ನೋಡ್ಕೋ, ಹೇಸರಗತ್ತಿ ಯಾರ ಹೊಲದಾಗ ಹಾದು ಹೋಗತದ ಅಂತ. ನಮ್ಮಲ್ಲಿ ಅರ್ಧ ಕೋರ್ಟ್ ಕೇಸು ಅದರ ಸಲುವಾಗೇ.

ಅಕ್ಕ: ದಾರಿ ಮೂವರ ಹೊಲದಾಗ ಹೋಗತದ. ಒಬ್ಬಾಂವ ಬಾರ್ಸಿಲೋನಾದಾಗ ಇರತಾನ.

ತಮ್ಮ: ಹಂಗಾದ್ರ ಅವನ ನಂಬರ್ ಇಸ್ಕೋ ಮೊದಲು. ಮುಂಜಾನೆ ಎಷ್ಟಕ್ಕ ಏಳಬೇಕು?

ಅಕ್ಕ: ಆರಕ್ಕ. ಅಜ್ಜ ತಾಡಪತ್ರಿ ತಗಿಯೂದರಾಗ ನಾವು ಅಲ್ಲಿರಬೇಕು.